ಟೇಪಿನ ಇನ್ನೊಂದು ತುದಿ

ಫ್ಯಾನಿನ ಗಾಳಿಗೆ ಬಾಡಿಗೆ ಕರಾರಿನ ಮೂಲೆ ಏಳುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ, ದಲ್ಲಾಳಿ ಅದರ ಮೇಲೆ ತನ್ನ ಕನ್ನಡಕದ ಡಬ್ಬಿ ಇಟ್ಟ, ನಿಧಾನವಾಗಿ ಓದ್ಕೊಳಿ ಸಾರ್, ಅವಸರ ಏನಿಲ್ಲ, ಎನ್ನುತ್ತಲೇ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಚಾಚಿದ್ದಾನೆ, ಅವಸರವಿಲ್ಲದವನ ಲಕ್ಷಣ ನೋಡು — ಓದುತ್ತೇನಪ್ಪಾ, ಒಂದಕ್ಷರ ಬಿಡದೆ ಓದುತ್ತೇನೆ, ಹದಿನೆಂಟು ವರ್ಷದಿಂದ ಕಂಡವರ ಕಿಟಕಿಗಳಿಗೆ ಪರದೆ ಕೂರಿಸುತ್ತಿರುವವನು ನಾನು, ಎಷ್ಟು ಮನೆ ಹೊಕ್ಕು ಬಂದಿಲ್ಲ, ಒಳಗೆ ಕಾಲಿಟ್ಟ ಕೂಡಲೇ ಹೇಳಬಲ್ಲೆ ಯಾವ ಗೋಡೆ ಮೊಳೆ ಹಿಡಿಯುತ್ತದೆ, ಯಾವುದು ಪುಡಿಪುಡಿಯಾಗಿ ಉದುರುತ್ತದೆ, ಯಾವ ಕಿಟಕಿಗೆ ಸಂಜೆ ಬಿಸಿಲು, ನನ್ನ ಕಣ್ಣಳತೆಗೂ ಟೇಪಿನ ಅಳತೆಗೂ ಅರ್ಧ ಬೆರಳು ವ್ಯತ್ಯಾಸ ಬಂದರೆ ಹೆಚ್ಚು. ಎರಡು ತಿಂಗಳಲ್ಲಿ ಹನ್ನೊಂದು ಮನೆ ನೋಡಿದೆ, ಹನ್ನೊಂದನ್ನೂ ನಿಂತ ಕಾಲಲ್ಲೇ ಬೇಡವೆಂದೆ, ಒಂದಕ್ಕೆ ಗಾಳಿಯಿಲ್ಲ, ಒಂದಕ್ಕೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ, ಇನ್ನೊಂದರ ಮಾಲೀಕಳು ಬೀಗ ತೆಗೆಯುವ ಮೊದಲೇ ನಿಮ್ಮನೇಲಿ ಯಾರಾದ್ರೂ ಜೋರಾಗಿ ಕೆಮ್ತಾರಾ ಎಂದು ಕೇಳಿದಳು, ಅಲ್ಲೇ ಒಂದು ಸಲ ಕೆಮ್ಮಿ ತೋರಿಸಿ ಬಂದೆ. ಹೆಂಡತಿಗೆ ರೇಗಿಹೋಗಿತ್ತು, ನೀವು ಹುಡುಕ್ತಿರೋದು ಬಾಡಿಗೆ ಮನೇನೋ ಅರಮನೇನೋ, ಅರಮನೆಗೂ ಮೆಟ್ಟಿಲಿರುತ್ತೆ ಕಣೇ, ನನಗೆ ಬೇಕಾಗಿರೋದು ಮೆಟ್ಟಿಲಿಲ್ಲದ ಮನೆ, ಎಂದೆ. ನಾವೀಗ ಇರುವ ಮೂರನೇ ಮಹಡಿಯಲ್ಲಿ ಅಪ್ಪ, ಸೊಂಟದ ಮೂಳೆ ಮುರಿದ ಮೇಲೆ ಐದು ತಿಂಗಳಿಂದ ಬೀದಿ ನೋಡಿಲ್ಲ, ಆಸ್ಪತ್ರೆಗೆ ಹೋಗುವಾಗ ಮಾತ್ರ ಇಳಿಯುವುದು, ಅದೂ ನನ್ನ ಬೆನ್ನ ಮೇಲೆ, ಐವತ್ನಾಲ್ಕು ಮೆಟ್ಟಿಲು, ತಿರುವು ತಿರುವಿನಲ್ಲೂ ಕಿವಿಯ ಹತ್ತಿರ ಅದೇ ಮಾತು, ಭಾರ ಆಗ್ತಿದ್ದೀನೇನೋ ಮಗಾ, ಮೂಳೆ ಬಿಟ್ರೆ ಇನ್ನೇನಿದೆ ನಿಮ್ಮಲ್ಲಿ ಭಾರಕ್ಕೆ, ಎಂದು ನಗಿಸುತ್ತೇನೆ, ನಗುವಾಗ ಅವರ ಗದ್ದ ನನ್ನ ಭುಜಕ್ಕೆ ತಾಗುತ್ತದೆ, ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಈಗ ಕೆಳಗೆ ಹೋಗುವ ಬಸ್ಸಿನ ಸದ್ದು ಕೇಳಿ ಗೇರು ಹಾಕಿದ್ದು ಸರಿಯಿಲ್ಲ ಎಂದು ಗೊಣಗುತ್ತಾ ಕೂತಿರುತ್ತಾರೆ.

ಹನ್ನೆರಡನೆಯದು ಮಾತ್ರ, ಇವತ್ತು ಬೆಳಿಗ್ಗೆ ನೋಡಿದ್ದು, ಬಾಗಿಲಲ್ಲೇ ಒಪ್ಪಿಗೆಯಾಯಿತು, ಬೀದಿಯಿಂದ ಹೊಸ್ತಿಲಿಗೆ ಒಂದೂ ಮೆಟ್ಟಿಲಿಲ್ಲ, ಮುಂದಿನ ಕೋಣೆಗೆ ದೊಡ್ಡ ಕಿಟಕಿ, ಕಿಟಕಿಯ ಎದುರಿಗೇ ಬಸ್ ನಿಲ್ದಾಣ, ಯಾರೋ ಅಪ್ಪನ ಅಳತೆ ತೆಗೆದುಕೊಂಡೇ ಕಟ್ಟಿಸಿದ ಹಾಗೆ, ಮಂಚ ಇಲ್ಲಿ, ತಲೆದಿಂಬು ಆ ಕಡೆ, ಎಂದು ಮನಸ್ಸಿನಲ್ಲೇ ಜೋಡಿಸಿಬಿಟ್ಟೆ — ಮಂಚದ ಜಾಗದಲ್ಲಿ ಇಸ್ತ್ರಿ ಮೇಜಿತ್ತು. ಈಗ ಬಾಡಿಗೆಗಿರುವ ಹೆಂಗಸು ಇಸ್ತ್ರಿ ಮಾಡಿ ಬದುಕುವವಳು, ಮಗಳು ಶಾಲೆಗೆ ಹೋಗಿದ್ದಳಂತೆ, ನೆಲದ ಮೇಲೆ ಹಾಸಿದ ಚಾದರದಲ್ಲಿ ಮನೆಮನೆಯ ಬಟ್ಟೆ ಬೇರೆಬೇರೆ ಗುಡ್ಡೆಯಾಗಿ ಬಿದ್ದಿತ್ತು, ನಾನು ಟೇಪು ತೆಗೆದದ್ದೇ ತಡ ಅವಳ ಮುಖ ಅರಳಿತು, ಅಂಗಡಿಯ ಹೆಸರಿದ್ದ ನನ್ನ ಅಂಗಿ ನೋಡಿದಳು, ಕಿವಿಯ ಮೇಲಿನ ಪೆನ್ಸಿಲು ನೋಡಿದಳು, ಅಂತೂ ಬಂದ್ರಾ ಅಣ್ಣಾ, ಎರಡು ವರ್ಷದಿಂದ ಮಾಲೀಕರಿಗೆ ಹೇಳ್ತಾನೇ ಇದ್ದೀನಿ, ಈ ಗೋಡೆಗೆ ಹಲಗೆ ಹೊಡೆಸಿಕೊಡಿ, ಜನರ ಬಟ್ಟೆ ನೆಲದಲ್ಲಿ ಇಡೋಕೆ ನಾಚಿಕೆಯಾಗುತ್ತೆ ಅಂತ. ಮಾಲೀಕ ಅವಳ ಬೆನ್ನ ಹಿಂದೆ ನಿಂತಿದ್ದ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ, ತಿಂಗಳ ಕೊನೆಗೆ ಮನೆ ಖಾಲಿಯಾಗುತ್ತದೆ ಎಂದು ನನಗೆ ಹೇಳಿದವನು ಅವಳಿಗೇ ಹೇಳಿಲ್ಲ ಎಂದು ಆಗ ಗೊತ್ತಾಯಿತು. ಅಯ್ಯೋ ಅಲ್ಲಮ್ಮಾ, ನಾನು ಮನೆ ನೋಡೋಕೆ ಬಂದವನು, ಎನ್ನಲು ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ ಅವಳು ಮೇಜನ್ನು ದರದರ ಎಳೆದು, ಒದ್ದೆ ಕೈ ಒರೆಸಿಕೊಂಡು, ಟೇಪಿನ ತುದಿ ನನ್ನ ಕೈಯಿಂದ ತೆಗೆದುಕೊಂಡು ಆಚೆ ಗೋಡೆಗೆ ಹೋಗಿಯಾಗಿತ್ತು, ಹೆಬ್ಬೆರಳಿನಿಂದ ಗೋಡೆಗೆ ಒತ್ತಿ ಹಿಡಿದಳು, ಒತ್ತಿದ್ದಕ್ಕೆ ಉಗುರು ಬೆಳ್ಳಗಾಯಿತು, ಈ ಗೋಡೆಯಿಂದ ಆ ಗೋಡೆವರೆಗೆ ಪೂರ್ತಿ ಹಾಕ್ತೀರಾ ಅಣ್ಣಾ, ಹೂಂ, ಪೂರ್ತಿ, ಎಂದೆ. ಬೇರೆ ಯಾರೂ ಅಲ್ಲ, ನಾನೇ ಎಂದದ್ದು.

ಎಂದರೆ ಎಂದೆ, ಏನೀಗ, ಸುಳ್ಳು ಹೇಳಿದವನು ಮಾಲೀಕ, ನಾನು ಹೂಂಗುಟ್ಟಿದವನು ಅಷ್ಟೇ, ಮನೆ ಅವನದು, ನಾನಲ್ಲದಿದ್ದರೆ ನಾಳೆ ಇನ್ನೊಬ್ಬ ಬರುತ್ತಾನೆ, ಅವನ ಅಪ್ಪನ ಸೊಂಟ ಗಟ್ಟಿಯಾಗಿಯೇ ಇರುತ್ತದೆ — ಮಾಲೀಕ ಇಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಟೀ ಆರಿಸಿಕೊಳ್ಳುತ್ತಾ ಹೇಳುತ್ತಿದ್ದಾನೆ, ಅವಳಿಗೆ ನಾಳೆ ಹೇಳ್ತೀನಿ ಬಿಡಿ, ಮೊದಲು ನಿಮ್ಮ ಸಹಿ ಬೀಳ್ಲಿ, ಈಗಲೇ ಹೇಳಿದ್ರೆ ಅತ್ತು ಕರೆದು ರಂಪ ಮಾಡ್ತಾಳೆ. ಅವಳಿಗೂ ಮನೆ ಹುಡುಕಿಕೊಟ್ಟರಾಯಿತು, ನನಗೆ ಗೊತ್ತಿಲ್ಲದ ಬೀದಿ ಯಾವುದಿದೆ, ಹಲಗೆ ನಾನೇ ಹೊಡೆದುಕೊಡುತ್ತೇನೆ, ಒಂದು ಭಾನುವಾರದ ಕೆಲಸ, ಹೌದು, ಹಾಗೆ ಮಾಡುತ್ತೇನೆ, ನಾನು ಹಿಡಿದ ಕೆಲಸ ಯಾವುದು ಆಗದೆ ಉಳಿದಿದೆ. ಮೊದಲ ಪುಟಕ್ಕೆ ಸಹಿ ಹಾಕಿದೆ, ಚೆನ್ನಾಗಿಯೇ ಬಂತು, ಎರಡನೆಯದಕ್ಕೆ ಹಾಕುವಾಗ ಫೋನು, ಅಪ್ಪ, ಏನಾಯ್ತು ಮಗಾ, ಸಿಕ್ಕಿತಪ್ಪಾ, ಎಷ್ಟು ಮೆಟ್ಟಿಲು, ಒಂದೂ ಇಲ್ಲ, ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು, ಹಾಗಾದ್ರೆ ನಾನೇ ಬಾಗಿಲು ತೆಗೆದುಕೊಂಡು ಹೊರಗೆ ಹೋಗಬಹುದು ಅನ್ನು, ಹೋಗಬಹುದಪ್ಪಾ, ಎರಡನೇ ಸಹಿಯೂ ಬಿತ್ತು, ಮೂರನೆಯದು ಕೊನೆಯದು, ಇಲ್ಲಿ ಸಾರ್, ದಲ್ಲಾಳಿಯ ಬೆರಳು ತೋರಿಸಿದ ಜಾಗದಲ್ಲಿ ಖಾಲಿ ಗೆರೆ, ಹೆಸರಿನ ಮೊದಲ ಅಕ್ಷರ ಬರೆದೆ — ಬೆಳಿಗ್ಗೆ ನಾನು ಅಳತೆ ಬರೆದುಕೊಂಡಾಗಿತ್ತು, ಒಂಬತ್ತೂವರೆ ಅಡಿ, ಮಂಚ ಸಲೀಸಾಗಿ ಹಿಡಿಯುತ್ತದೆ, ಟೇಪು ಸುತ್ತಿಕೊಳ್ಳಬೇಕೆಂದು ಮೆಲ್ಲಗೆ ಎಳೆದೆ, ಅದು ಬರಲಿಲ್ಲ, ಇನ್ನೊಂದು ಸಲ ನೋಡ್ಕೊಳಿ ಅಣ್ಣಾ, ನಾನು ಗಟ್ಟಿಯಾಗಿ ಹಿಡಿದಿದ್ದೀನಿ, ಎಂದು ನಗುತ್ತಾ ನಿಂತಿದ್ದಳು — ಎರಡನೇ ಅಕ್ಷರ, ಏನು ನನ್ನ ಹೆಸರಿನ ಎರಡನೇ ಅಕ್ಷರ, ಬರೀರಿ ಸಾರ್, ಇಲ್ಲೇ, ಹೂಂ, ನಾಚಿಕೆಯಾಗುತ್ತದೆ, ಹೂಂ, ಪೂರ್ತಿ — ಗೋಡೆಯ ಮೇಲೆ ಆ ಹೆಬ್ಬೆರಳು, ಉಗುರು ಬೆಳ್ಳಗೆ, ಒತ್ತಿ ಹಿಡಿದೇ ಇದ್ದಾಳೆ —