ಹೂಳಲು ತೋಡಿದ ಗುಂಡಿ

ನಾನೊಂದು ಬಂಡೆ. ಫಿನ್‌ಲೆಂಡಿನ ಉತ್ತರದ ಕೆಂಪು ಗುಡ್ಡವೊಂದರಲ್ಲಿ ಹುಟ್ಟಿದೆ. ಒಂದು ಕಾಲದಲ್ಲಿ ಅಲ್ಲಿ ಬಿದ್ದ ಹಿಮ ಕರಗುವುದನ್ನೇ ಮರೆಯಿತು. ವರ್ಷ ವರ್ಷ ರಾಶಿಬಿದ್ದು, ತನ್ನ ಭಾರಕ್ಕೇ ಗಟ್ಟಿ ಮಂಜುಗಡ್ಡೆಯಾಗಿ, ಬೆಟ್ಟಗಳನ್ನು ಮುಳುಗಿಸಿ, ಮೆಲ್ಲಗೆ ದಕ್ಷಿಣಕ್ಕೆ ಜರುಗತೊಡಗಿತು. ಜರುಗುವಾಗ ನನ್ನನ್ನೂ ಕಿತ್ತುಕೊಂಡಿತು. ಒಂದು ಮಾತು ಕೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

ದಾರಿಯಲ್ಲಿ ನಾನೇನೂ ಸಾಧುವಾಗಿರಲಿಲ್ಲ. ಅಡಿಯ ಕಲ್ಲುನೆಲದ ಮೇಲೆ ಉದ್ದುದ್ದ ಗೀರು ಎಳೆದೆ. ನನ್ನ ಮೂಲೆಗಳೂ ಸವೆದವು. ಕೊನೆಗೆ ಹವೆ ಬೆಚ್ಚಗಾಯಿತು. ಮಂಜಿನಡಿ ಹೊಳೆಯೊಂದು ಭೋರ್ಗರೆದು ಮರಳು, ಜಲ್ಲಿಯನ್ನು ತೊಳೆದು ಹಾಸಿತು. ನಾನು ಅದರ ಮೇಲೆ ಕುಳಿತೆ. ಆಮೇಲೆ ಕರಗಿದ ನೀರು ಸರೋವರವಾಗಿ ನಿಂತು, ಜೇಡಿಯನ್ನು ಪದರ ಪದರವಾಗಿ ಇಳಿಸಿ ನನ್ನನ್ನು ಎದೆಯವರೆಗೆ ಮುಚ್ಚಿತು. ಸರೋವರ ಬತ್ತಿತು, ಹುಲ್ಲು ಬಂತು, ಬಹುಕಾಲದ ಮೇಲೆ ಜನ ಬಂದರು.

ಉರ್ಹೊ, ಹಿಲ್ಯಾ ಎಂಬ ಗಂಡ ಹೆಂಡತಿಯ ಹುಲ್ಲುಗಾವಲಿನ ನಟ್ಟನಡುವೆ ನಾನಿದ್ದೆ. ಚಳಿಗೆ ಹೆಪ್ಪುಗಟ್ಟಿದ ನೆಲ ವಸಂತದಲ್ಲಿ ಸಡಿಲಾದಾಗ ಮೇಲೆದ್ದ ಕಲ್ಲುಗಳನ್ನು ಆರಿಸಿ ಹೊಲದಂಚಿಗೆ ಗೋಡೆ ಕಟ್ಟುವುದು ಅಲ್ಲಿಯ ವಾಡಿಕೆ. ಎತ್ತಲಾಗದ ನನ್ನಂಥವರಿಗೆ ಬೇರೆ ಮರ್ಯಾದೆ. ಪಕ್ಕದಲ್ಲೇ ಆಳದ ಗುಂಡಿ ತೋಡಿ, ಅದಕ್ಕೆ ಉರುಳಿಸಿ, ಮಣ್ಣು ಮುಚ್ಚಿ, ಮೇಲೆ ನೇಗಿಲು ಹೊಡೆಯುತ್ತಾರೆ.

ಒಂದು ಬೇಸಗೆ ಅವರ ಬಾವಿ ಬತ್ತಿತು. ಹಿಲ್ಯಾ ದೂರದ ಕೆರೆಯಿಂದ ನೀರು ಹೊತ್ತು ಹೊತ್ತು ಸೋತಳು. ಮನ್ಸಿಕ್ಕಿ ಎಂಬ ಅವರ ಹಸು ಸೊರಗಿತು.

“ಹಸು ಮಾರಿಬಿಡೋಣ,” ಎಂದ ಉರ್ಹೊ. “ಈ ಬಂಡೇನ ಹೂತು, ಹುಲ್ಲುಗಾವಲಿಗೆಲ್ಲ ರೈ ಧಾನ್ಯ ಬಿತ್ತೋಣ.”

“ಕರು ಆದಾಗಿಂದ ಸಾಕಿದ್ದೀನಿ ಅದನ್ನ.”

“ನೀರಿಲ್ದೆ ಹ್ಯಾಗೆ ಸಾಕ್ತೀಯ?”

ಹಿಲ್ಯಾ ಕಣ್ಣೊರೆಸಿಕೊಂಡು ಸಲಿಕೆ ತಂದಳು.

ನನ್ನ ಕಾಲಬುಡದ ಜಲ್ಲಿಯಲ್ಲೇ ತಣ್ಣೀರು ತುಂಬಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವ ಜನ! ಹೇಳೋಣವೆಂದರೆ ಬಾಯಿಲ್ಲ. ಅಗೆಯಲಿ, ಇನ್ನೂ ಆಳಕ್ಕೆ ಅಗೆಯಲಿ ಎಂದುಕೊಂಡೆ. ತನ್ನ ಗೋರಿ ಆಳವಾಗಲಿ ಎಂದು ಹಾರೈಸಿದ ಬಂಡೆ ಇನ್ನೊಂದಿರಲಾರದು.

ನೀಲಿ ಜೇಡಿ ಮುಗಿಯಿತು. ಸಲಿಕೆ ಜಲ್ಲಿಗೆ ತಾಗಿ ಕರಕರ ಎಂದಿತು. ಉರ್ಹೊನ ಬೂಟಿನ ಸುತ್ತ ಒಸರಿದ ನೀರು ನೋಡನೋಡುತ್ತ ಮೊಣಕಾಲಿಗೇರಿತು.

“ಹಿಲ್ಯಾ, ನೀರು! ಗುಂಡಿ ತುಂಬ್ತಾ ಇದೆ! ಇನ್ನು ಬಂಡೇನ ಎಲ್ಲಿ ಹೂಳೋದು?”

“ಬಂಡೆ ಮನೆ ಹಾಳಾಗ! ಮೊದ್ಲು ಬಕೆಟ್ ತುಂಬಿಸ್ಕೊಡು!”

ಕೆಸರು ನೀರು. ಮನ್ಸಿಕ್ಕಿ ಮೂಗು ಮುರಿಯಲಿಲ್ಲ, ಒಂದೇ ಉಸಿರಿಗೆ ಕುಡಿಯಿತು. ಹಿಲ್ಯಾ ಅದರ ಕುತ್ತಿಗೆ ತಬ್ಬಿ ಅತ್ತಳು. ಹಸು ಮಾರುವ ಮಾತನ್ನು ಉರ್ಹೊ ಮತ್ತೆ ಎತ್ತಲಿಲ್ಲ. ನನಗಾದ ಸಂತೋಷ ಹೇಳತೀರದು.

ಈಗ ಅವರಿಬ್ಬರೂ ಇಲ್ಲ. ಅಂದಿನ ಗುಂಡಿ ಕಲ್ಲು ಕಟ್ಟಿದ ಬಾವಿಯಾಗಿದೆ, ನೀರು ತಿಳಿಯಾಗಿದೆ. ನನ್ನ ಮೈಯೆಲ್ಲ ಪಾಚಿ. ಹುಟ್ಟಿದ ಗುಡ್ಡಕ್ಕೆ ಮರಳುತ್ತೀಯಾ ಎಂದು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. ಇಲ್ಲಿ ಮನ್ಸಿಕ್ಕಿಯ ವಂಶದ ಎಳೆಗರುಗಳು ನೀರು ಕುಡಿದು ಬಂದು, ಕಾಲು ನಿಲ್ಲದೆ, ನನಗೆ ಒರಗುತ್ತವೆ. ನಾನು ಕದಲಿದರೆ ಅವು ಬಿದ್ದಾವು.