ಎಲ್ಲ ದೀಪ ಒಟ್ಟಿಗೆ

ಹೆಬ್ಬೆರಳಿನಿಂದ ರಕ್ತ ತೊಟ್ಟಿಕ್ಕಿ ಬಿಳಿ ರಟ್ಟಿನ ಮೇಲೆ ಬೀಳುತ್ತಿದ್ದರೂ ನಾದಿನಿ ಮೊದಲು ಆಡಿದ್ದು ನೋವಿನ ಮಾತಲ್ಲ.

"ನಾನು ಒತ್ತಲೇ ಇಲ್ಲ ಅತ್ತಿಗೆ. ಸೀಸೆ ಎತ್ತಿದೆ, ಅಷ್ಟೇ. ಕೈಯಲ್ಲೇ ಎರಡಾಯ್ತು."

ಅತ್ತಿಗೆ ಅವಳ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು, ಗಾಜಿನ ಚೂರು ಉಳಿದಿಲ್ಲವೆಂದು ನೋಡಿ, ಬಿಗಿಯಾಗಿ ಪಟ್ಟಿ ಸುತ್ತಿದಳು. ತಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಈ ಹುಡುಗಿಗೆ ಹತ್ತು ವರ್ಷ. ಜಡೆ ಹೆಣೆದು ಶಾಲೆಗೆ ಕಳಿಸಿದ ಕೈಗೆ ಅವಳ ಸುಳ್ಳೂ ಗೊತ್ತು, ನಿಜವೂ ಗೊತ್ತು. ಇದು ನಿಜ. ಅದಕ್ಕೇ ಅತ್ತಿಗೆಯ ಎದೆ ಧಸಕ್ಕೆಂದಿತು.

ಅದು ಇಂಜೆಕ್ಷನ್ ಔಷಧಿಗೆ ಬೇಕಾದ ಬೆರಳುದ್ದದ ಗಾಜಿನ ಸೀಸೆ ಮಾಡುವ ಕಾರ್ಖಾನೆ. ನಾದಿನಿ ಪೆಟ್ಟಿಗೆ ತುಂಬುವ ಮೇಜಿನಲ್ಲಿದ್ದಳು. ಅತ್ತಿಗೆ ಗೋಡೆಯಾಚೆಯ ಕತ್ತಲೆ ಕೋಣೆಯಲ್ಲಿ, ಒಂದೊಂದೇ ಸೀಸೆಯ ಫೋಟೊ ತೆಗೆದು ಒಡಕಿದ್ದನ್ನು ತಳ್ಳಿಹಾಕುವ ಕ್ಯಾಮೆರಾ ಯಂತ್ರದ ಯಜಮಾನಿ. ಯಂತ್ರಕ್ಕಿಂತ ಮೊದಲು ಹನ್ನೊಂದು ವರ್ಷ ಬರಿಗಣ್ಣಲ್ಲೇ ನೋಡಿದವಳು. ಅವಳ ಕಣ್ಣು ತಪ್ಪಿಸಿ ಒಂದು ಗುಳ್ಳೆಯೂ ದಾಟುವುದಿಲ್ಲವೆಂದು ಎಲ್ಲರೂ ಹದ್ದಕ್ಕ ಎಂದು ಕರೆಯುತ್ತಿದ್ದರು.

ಸೀಸೆ ಒಡೆದದ್ದು ಮೇಜಿನ ಮೇಲೆ. ಒಡಕು ಬಂದದ್ದು ಅದಕ್ಕೂ ಮೊದಲಾದರೆ, ಅದು ಹದ್ದಕ್ಕನ ಕಣ್ಣ ಮುಂದೆಯೇ ಹಾದುಹೋಗಿರಬೇಕು.

ಸೂಪರ್ವೈಸರ್ ಬಂದು ರಕ್ತ ನೋಡಿ ಪಾಪ ಎಂದ, ಗಡಿಯಾರ ನೋಡಿ ಹಾಳಾಯಿತು ಎಂದ. ಲಾರಿ ನಾಲ್ಕಕ್ಕೆ ಹೊರಡಬೇಕು, ಆಗಲೇ ಮೂರೂ ಕಾಲು. ಅವನು ಕೆಟ್ಟವನಲ್ಲ, ಆದರೆ ಅವಸರದವನು. ಅಪಘಾತದ ಕಾಗದ ತೆಗೆದು, ಕಾರಣ ಬರೆಯುವ ಜಾಗದಲ್ಲಿ 'ಜೋಡಿಸುವಾಗ ಅಜಾಗರೂಕತೆ' ಎಂದು ಗೀಚಿದ. ಬೇರೆ ಏನು ಬರೆಯಲಿ, ಕ್ಯಾಮೆರಾ ಪಾಸು ಮಾಡಿದ ಸೀಸೆ ಅಲ್ಲವೇ ಎಂದು ಅವನೇ ಸಮಾಧಾನವನ್ನೂ ಹೇಳಿದ. ಆ ಒಂದು ಸಾಲು ನಾದಿನಿಯ ಬಾಳಿಗೆ ಎಂಥ ಪೆಟ್ಟೆಂದು ಮೂವರಿಗೂ ಗೊತ್ತಿತ್ತು. ಎರಡು ವರ್ಷದ ತಾತ್ಕಾಲಿಕ ಕೆಲಸ ಈ ತಿಂಗಳು ಕಾಯಂ ಆಗಬೇಕಿತ್ತು. ಕಾಗದದಲ್ಲಿ ಅಜಾಗರೂಕತೆ ಬಿದ್ದವರಿಗೆ ಕಾಯಂ ಇಲ್ಲ.

"ಹತ್ತು ನಿಮಿಷ ಕೊಡಿ ಸಾರ್. ಸಹಿ ಹಾಕಬೇಡಿ," ಎಂದಳು ಹದ್ದಕ್ಕ.

ನಾದಿನಿ ತುಂಬುತ್ತಿದ್ದ ಪೆಟ್ಟಿಗೆಯಿಂದಲೇ ಒಂದು ತಟ್ಟೆ ಸೀಸೆ ತಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಯಂತ್ರದಲ್ಲಿ ಮೂರು ದೀಪ. ಸೀಸೆಯ ಬೆನ್ನಿಗೊಂದು ಹಿಂದಿನ ದೀಪ. ಅದರಲ್ಲಿ ಆಕಾರ ಕಪ್ಪಗೆ ಗೆರೆ ಎಳೆದಂತೆ ಕಾಣುತ್ತದೆ. ಮೇಲೆ ಬಳೆಯಂಥ ದುಂಡು ದೀಪ; ಅದರಲ್ಲಿ ಬಾಯಿಯ ಅಂಚು ಕಾಣುತ್ತದೆ. ಇನ್ನೊಂದು ಪಕ್ಕದಿಂದ ಓರೆಯಾಗಿ ಬೀಳುವ ದೀಪ. ಗುಡಿಸಿದ ನೆಲದಲ್ಲಿ ಧೂಳು ಉಳಿದದ್ದು ಬಾಗಿಲಿನಿಂದ ಓರೆ ಬಿಸಿಲು ಬಿದ್ದಾಗ ಮಾತ್ರ ತಿಳಿಯುವುದಿಲ್ಲವೇ, ಹಾಗೆ ಗಾಜಿನೊಳಗಿನ ಕೂದಲೆಳೆಯಂಥ ಒಡಕು ಆ ದೀಪಕ್ಕೆ ಮಾತ್ರ ಮಿಂಚುತ್ತದೆ. ಮೂರೂ ಒಂದಾದ ಮೇಲೊಂದು ಮಿನುಗಿ, ಮೂರು ಫೋಟೊ ತೆಗೆದು, ಕಂಪ್ಯೂಟರು ಅವನ್ನು ಕೂಡಿಸಿ ನೋಡಬೇಕು. ಅದೇ ಕ್ರಮ.

ಆ ಕ್ರಮವನ್ನು ನಿನ್ನೆ ಮಧ್ಯಾಹ್ನ ಬದಲಾಯಿಸಿದ್ದು ಅವಳೇ.

ವಾರದಿಂದ ಸೂಪರ್ವೈಸರ್ ಬೆನ್ನು ಬಿದ್ದಿದ್ದ. ಮೂರು ಸಲ ಮಿನುಗುವಷ್ಟು ಹೊತ್ತಿನಲ್ಲಿ ಪಕ್ಕದ ಸಾಲಿನವರು ಊಟ ಮುಗಿಸಿ ಕೈ ತೊಳೆಯುತ್ತಾರೆ ಎಂದು ಚುಚ್ಚುತ್ತಿದ್ದ. ಅವಳಿಗೂ ಅನಿಸಿತು, ಮೂರನ್ನೂ ಒಟ್ಟಿಗೆ ಹೊತ್ತಿಸಿ ಒಂದೇ ಫೋಟೊ ತೆಗೆದರೇನು? ಬೆಳಕು ಹೆಚ್ಚಿದಷ್ಟೂ ಹೆಚ್ಚು ಕಾಣುತ್ತದೆ, ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದವರಿಗೆಲ್ಲ ಗೊತ್ತಿರುವ ಮಾತು. ಹಾಗೆಂದು ಕಣ್ಣು ಮುಚ್ಚಿಯೇನೂ ಮಾಡಿರಲಿಲ್ಲ. ಪ್ರತಿದಿನ ಯಂತ್ರಕ್ಕೆ ತೋರಿಸಲೆಂದೇ ಒಂದು ಒಡಕು ಸೀಸೆ ಇತ್ತು, ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಅಜ್ಜಿಯನ್ನು ಇಟ್ಟು ನೋಡಿದಳು. ಯಂತ್ರ ತಕ್ಷಣ ಆಚೆ ತಳ್ಳಿತು. ಸರಿಯಿದೆ ಎಂದುಕೊಂಡಳು. ಸೂಪರ್ವೈಸರ್ ಸಹಿ ಹಾಕಿ ಬೆನ್ನು ತಟ್ಟಿದ.

ಈಗ ಅವಳು ಪಕ್ಕದ ದೀಪವೊಂದನ್ನೇ ಹೊತ್ತಿಸಿ ತಟ್ಟೆಯ ಸೀಸೆಗಳನ್ನು ಒಂದೊಂದಾಗಿ ಇಡತೊಡಗಿದಳು. ಒಂದು ಸರಿ. ಎರಡು ಸರಿ. ಹತ್ತಾಯಿತು, ಇಪ್ಪತ್ತಾಯಿತು. ಏನೂ ಸಿಗದಿರಲಿ ಎಂದು ಮನಸ್ಸು ಬೇಡುತ್ತಿತ್ತು. ಸಿಗದಿದ್ದರೆ ತಪ್ಪು ನಾದಿನಿಯ ತಲೆಗೇ ಎಂಬುದು ನೆನಪಾಗಿ, ಬೇಡಿಕೊಂಡ ಬಾಯಿಗೆ ಮಣ್ಣು ಹಾಕಿಕೊಳ್ಳಬೇಕೆನಿಸುತ್ತಿತ್ತು. ಮೂವತ್ತೊಂದನೆಯದರ ಕತ್ತಿನ ಬುಡದಲ್ಲಿ ಪರದೆಯ ಮೇಲೆ ಒಂದು ಬೆಳ್ಳಿ ಎಳೆ ಮಿಂಚಿತು. ಉಗುರಿನ ಚೂರಿನಷ್ಟು.

ಸೀಸೆಯನ್ನು ಅಲುಗಿಸದೆ ಹಿಂದಿನ ದೀಪವನ್ನೂ ಹೊತ್ತಿಸಿದಳು. ಪರದೆ ಬೆಳ್ಳಗಾಯಿತು, ಎಳೆ ಮಾಯ. ಆರಿಸಿದಳು, ಎಳೆ ಬಂತು. ಹೊತ್ತಿಸಿದಳು, ಹೋಯಿತು. ಮನೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಬಾಯಿ ತೆರೆದರೆ ಯಾರಿಗೆ ನೋವಾಗಿದೆಯೆಂದು ಯಾವ ತಾಯಿಗೆ ಕೇಳಿಸೀತು? ದೊಡ್ಡ ಗಂಟಲಿನದ್ದೇ ಕೇಳಿಸುತ್ತದೆ.

ಹಾಗಾದರೆ ಅಜ್ಜಿ ಹೇಗೆ ಸಿಕ್ಕಿಬಿದ್ದಳು? ಅದನ್ನು ತೆಗೆದು ಕಣ್ಣಿನ ಹತ್ತಿರ ಹಿಡಿದಳು. ವರ್ಷಗಟ್ಟಲೆ ಎಷ್ಟು ಕೈಗಳು ಮುಟ್ಟಿದ್ದವೋ, ಅದರ ಒಡಕಿನೊಳಗೆ ಜಿಡ್ಡು, ಧೂಳು ಸೇರಿ ಕಪ್ಪು ಗೆರೆಯೇ ಕಟ್ಟಿಕೊಂಡಿತ್ತು. ಅದು ಯಾವ ದೀಪಕ್ಕೂ ಕಾಣುತ್ತದೆ. ಹೊಸ ಒಡಕು ನೀರಿನಷ್ಟು ಸ್ವಚ್ಛ. ಒಡಕನ್ನಲ್ಲ, ಕೊಳೆಯನ್ನು ಹಿಡಿದು ತಾವು ದಿನಾ ಬೀಗುತ್ತಿದ್ದರು.

ಅವಳು ಲೆಕ್ಕದ ಪುಸ್ತಕ ತೆರೆದಳು. ನಿನ್ನೆ ಮಧ್ಯಾಹ್ನದಿಂದ ಈವರೆಗೆ ಐವತ್ತಮೂರು ಪೆಟ್ಟಿಗೆ. ನಲವತ್ತನಾಲ್ಕು ಅಂಗಳದಲ್ಲಿ ನಿಂತ ಲಾರಿಯಲ್ಲಿ. ಒಂಬತ್ತು ಬೆಳಿಗ್ಗೆಯೇ ಔಷಧಿ ಕಂಪನಿಗೆ ಹೋಗಿಬಿಟ್ಟಿದ್ದವು. ಒಡಕಿದ್ದಲ್ಲಿ ಗಾಳಿ ನುಗ್ಗುತ್ತದೆ, ಔಷಧಿ ಕೆಡುತ್ತದೆ, ಕೆಟ್ಟದ್ದು ಯಾವುದೋ ಆಸ್ಪತ್ರೆಯಲ್ಲಿ ಯಾರದೋ ಮಗುವಿನ ತೋಳಿಗೆ ಇಳಿಯುತ್ತದೆ. ಆ ತೋಳು ಎಷ್ಟು ಸಣ್ಣದಿರಬಹುದೆಂದು ಅವಳ ಮನಸ್ಸು ಬೇಡವೆಂದರೂ ಅಳತೆ ಹಾಕುತ್ತಿತ್ತು.

ಬಾಗಿಲು ತೆರೆದು ಸೂಪರ್ವೈಸರನನ್ನು ಒಳಗೆ ಕರೆದಳು. ಬಾಯಲ್ಲಿ ವಿವರಿಸಲಿಲ್ಲ, ದೀಪ ಹೊತ್ತಿಸಿ ಆರಿಸಿ ತೋರಿಸಿದಳು. ಮೂರನೇ ಸಲಕ್ಕೆ ಅವನು ಕುರ್ಚಿ ಎಳೆದುಕೊಂಡು ಕೂತ. ಒಂದೇ ಇರಬಹುದು ಎಂದ. ಇರಬಹುದು ಎಂದಳು. ಲಾರಿ ತಡೆದರೆ ಮೇಲಿನವರು ಕಾರಣ ಕೇಳುತ್ತಾರೆ ಎಂದ. ಕೇಳಲಿ ಎಂದಳು.

"ಯಾರು ಬದಲಾಯಿಸಿದ್ದು ಅಂತ ಕೇಳ್ತಾರೆ, ಹದ್ದಕ್ಕ."

"ನಾನು ಅಂತ ಬರೀರಿ."

"ನಿಮ್ಮ ಇಷ್ಟು ವರ್ಷದ ಹೆಸರು ಒಂದು ಸಾಲಲ್ಲಿ ಹೋಗುತ್ತೆ."

"ಸುಳ್ಳು ಸಾಲಲ್ಲಿ ಅವಳ ಹೆಸರು ಹೋಗೋದಕ್ಕಿಂತ ನಿಜದ ಸಾಲಲ್ಲಿ ನನ್ನದು ಹೋಗಲಿ, ಸಾರ್."

ಅವನು ತಾನೇ ಇನ್ನೊಂದು ಸಲ ದೀಪ ಆರಿಸಿ ಆ ಬೆಳ್ಳಿ ಎಳೆಯನ್ನು ನೋಡಿದ. ಆಮೇಲೆ, ನಿನ್ನೆಯ ಬದಲಾವಣೆಗೆ ಸಹಿ ತನ್ನದೂ ಇದೆಯಲ್ಲ ಎಂದು ತನಗೇ ಹೇಳಿಕೊಂಡಂತೆ ಗೊಣಗಿ, ಅಪಘಾತದ ಕಾಗದ ಹರಿದು ಹೊಸದನ್ನು ತೆಗೆದ. ಅಂಗಳಕ್ಕೆ ಹೋಗಿ ಕೈ ಅಡ್ಡ ಹಿಡಿದಾಗ ಡ್ರೈವರ್ ಇಂಜಿನ್ ಶುರು ಮಾಡಿಯಾಗಿತ್ತು. ಹೇರುವುದೂ ನಾನೇ ಇಳಿಸುವುದೂ ನಾನೇ, ಒಳ್ಳೆ ಬಿಟ್ಟಿ ಸೊಸೆ ಸಿಕ್ಕಿದ್ದೇನೆ ನಿಮಗೆ ಎಂದು ಅವನು ರೇಗಿದ್ದು ಒಳಗಿನ ತನಕ ಕೇಳಿಸಿತು.

ಔಷಧಿ ಕಂಪನಿಗೆ ಫೋನ್ ಮಾಡಿದರು. ನೋಡಿ ಹೇಳುತ್ತೇವೆ ಎಂದರು. ಆ ನೋಡುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಹದ್ದಕ್ಕ ಹಳೆಯ ಕ್ರಮಕ್ಕೆ ಯಂತ್ರ ತಿರುಗಿಸಿ, ಇಳಿಸಿದ ಪೆಟ್ಟಿಗೆಗಳ ಸೀಸೆಗಳನ್ನು ಮತ್ತೆ ಹಾಯಿಸಿದಳು. ಮೊದಲ ಪೆಟ್ಟಿಗೆಯಲ್ಲಿ ನಾಲ್ಕು ಆಚೆ ಬಿದ್ದವು. ಎರಡನೆಯದರಲ್ಲಿ ಒಂದು. ಕೊನೆಗೆ ಫೋನ್ ಬಂತು. ಒಂಬತ್ತರಲ್ಲಿ ಎರಡು ಪೆಟ್ಟಿಗೆ ಬಿಚ್ಚಿ ಸೀಸೆಗಳಿಗೆ ಔಷಧಿ ತುಂಬಿಯಾಗಿದೆ, ಆದರೆ ಕಂಪನಿಯ ಬಾಗಿಲು ದಾಟಿಲ್ಲ. ಎಲ್ಲವನ್ನೂ ಬೇರೆ ಇಟ್ಟಿದ್ದಾರೆ. ಸೂಪರ್ವೈಸರ್ ಅದನ್ನು ಹೇಳಿ, ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಿದ: ವಿಚಾರಣೆ ಮುಗಿಯುವವರೆಗೆ ನಾಳೆಯಿಂದ ಅವಳು ಯಂತ್ರ ಮುಟ್ಟುವಂತಿಲ್ಲ.

ನಾದಿನಿ ಪಟ್ಟಿ ಸುತ್ತಿದ ಕೈಯಲ್ಲೇ ತಟ್ಟೆ ತಂದು ಪಕ್ಕದಲ್ಲಿ ನಿಂತಳು.

"ಮನೇಲಿ ಅಣ್ಣನಿಗೆ ನಾನು ಹೇಳ್ಲಾ ಅತ್ತಿಗೆ?"

"ಬೇಡ, ನಾನೇ ಹೇಳ್ತೀನಿ. ನೀನು ಆ ಕೈ ಮೇಲೆತ್ತಿ ಹಿಡ್ಕೋ, ರಕ್ತ ನಿಲ್ಲುತ್ತೆ."

ಇನ್ನೂ ನಲವತ್ತೆರಡು ಪೆಟ್ಟಿಗೆ ಇದ್ದವು. ದೀಪಗಳು ಒಂದಾದ ಮೇಲೊಂದು ಮಿನುಗುತ್ತಿದ್ದವು. ಯಂತ್ರ ಸರಿಯಿದೆ ಎಂದು ಬಿಟ್ಟ ಸೀಸೆಯನ್ನೂ ಅವಳು ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿದು, ಇನ್ನೊಂದು ಸಲ ತಿರುಗಿಸಿ ನೋಡುತ್ತಿದ್ದಳು.