ಕೋಲು ಹಿಡಿದ ಪ್ರಾರ್ಥನೆ

ಜೀವರತ್ನಮ್ಮ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವರಲ್ಲ. ಬೆಳಿಗ್ಗೆ ಕಾಶಿಯ ಶಿವಾಲ ಕೇರಿಯ ಒಂದು ಮನೆಯ ತಾರಸಿಯ ಮೇಲೆ ಒಲೆ ಆರಿಸಿ, ಜೈಲಿಗೆ ಒಯ್ಯಬೇಕಾದ ರೊಟ್ಟಿಯ ಬುಟ್ಟಿಯನ್ನು ಮಂಡಿಗೆ ಒತ್ತಿಕೊಂಡು, ಕೈಯಲ್ಲಿ ಬಿದಿರಿನ ಕೋಲು ಹಿಡಿದು, ಎದುರುಗೋಡೆಯ ಮೇಲೆ ಕುಳಿತ ಕೋತಿಗಳನ್ನು ದಿಟ್ಟಿಸುತ್ತ ಅವರು ತಮ್ಮ ಕರ್ತನೊಡನೆ ಮಾತಿಗೆ ತೊಡಗುತ್ತಿದ್ದರು. ಕ್ಷಮೆ ಬೇಡುವ ಮಾತಿನ ನಡುವೆ ಒಂದು ಕೋತಿ ಸರಿದು ಬಂದರೆ, "ಹಟ್!" ಎಂದು ಕೋಲು ಬಡಿದು, ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರು. ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ನಾನು ಜೀವಮಾನವಿಡೀ ತರ್ಕಶಾಸ್ತ್ರ ಕಲಿಸಿದವಳು. ಭಕ್ತರ ಬಗ್ಗೆ ನನಗೆ ವಿಶೇಷ ಒಲವಿಲ್ಲ. ಆ ಏಕಾಗ್ರತೆಯನ್ನು ಮಾತ್ರ ಗೌರವಿಸಿದೆ.

ಎಪ್ಪತ್ನಾಲ್ಕರ ರೈಲ್ವೆ ಮುಷ್ಕರದಲ್ಲಿ ಅವರ ಗಂಡ, ಫಿಟ್ಟರ್ ದಾನಿಯೇಲಪ್ಪ, ಜೈಲು ಸೇರಿದ್ದರು. ಕ್ವಾರ್ಟರ್ಸಿನಿಂದ ಪಾತ್ರೆಪಡಗ ಬೀದಿಗೆ ಬಿದ್ದಾಗ, ಆ ಮನೆಯ ಒಡೆಯರಾದ ಪುರೋಹಿತ ಶೇಷಗಿರಿಯವರ ಹೆಂಡತಿ ಕೃಷ್ಣಮ್ಮ, ಇವರೂ ಕನ್ನಡದವರೆಂಬ ಒಂದೇ ಕಾರಣಕ್ಕೆ, ಮೆಟ್ಟಿಲ ಕೆಳಗಿನ ಕೋಣೆಯನ್ನು ಕೊಟ್ಟರು. ಬಾವಿಯನ್ನು ಕೊಡಲಿಲ್ಲ. ಕೃಷ್ಣಮ್ಮನವರ ಮನಸ್ಸು ದೊಡ್ಡದು, ಮಡಿ ಅದಕ್ಕಿಂತ ದೊಡ್ಡದು. ಜೀವರತ್ನಮ್ಮ ಬೀದಿಯ ನಲ್ಲಿಯಿಂದ ನೀರು ಹೊತ್ತರು. ಎಡಕ್ಕೆ ತುಸು ವಾಲಿ, ಆತುರವಿಲ್ಲದೆ, ರಿಕ್ಷಾದವರು ಗಂಟೆ ಬಾರಿಸಿದರೂ ದಾರಿ ಬಿಡದ ನಡಿಗೆ ಅದು.

"ಕಾಶಿಗೆ ಬಂದೋರು ಏನಾದ್ರೂ ಬಿಡಬೇಕು ಕಣ್ರೀ," ಎಂದು ಕೃಷ್ಣಮ್ಮ ಕೆಣಕಿದರು. "ನಾನು ಹಾಗಲಕಾಯಿ ಬಿಟ್ಟೆ. ನೀವು?"

"ಸರ್ಕಾರ ಮನೇನೇ ಬಿಡಿಸ್ತಲ್ಲ, ಸಾಲದೇ? ನೀವು ಬಿಟ್ಟ ಹಾಗಲಕಾಯಿ ಇದ್ರೆ ಇತ್ತ ಕೊಡಿ, ನಾನು ತಿಂತೀನಿ."

ಒಂದು ಬೆಳಿಗ್ಗೆ, ಪ್ರಾರ್ಥನೆಯ ನಡುವೆಯೇ, ದಾನಿಯೇಲಪ್ಪನ ಜೊತೆ ಕೆಲಸ ಮಾಡುತ್ತಿದ್ದ ಸೋಮಲಿಂಗಯ್ಯ ಏದುಸಿರು ಬಿಡುತ್ತ ತಾರಸಿಗೆ ಬಂದ. ಹಿಂದಿನ ದಿನ ಜೈಲಿಗೆ ಹೋಗಿ ಅವರನ್ನು ಕಂಡು ಬಂದಿದ್ದನಂತೆ.

"ಅಕ್ಕಾ, ತಲೆಮರೆಸ್ಕೊಂಡಿರೋ ಮುಷ್ಕರದ ಮೂವರು ಎಲ್ಲಿದ್ದಾರೆ ಅಂತ ಬಾಯಿಬಿಟ್ರೆ ಅಣ್ಣನ್ನ ಪೊಲೀಸ್ರು ನಾಳೇನೇ ಬಿಡ್ತಾರಂತೆ. ನೌಕರಿ, ಕ್ವಾರ್ಟರ್ಸು, ಎಲ್ಲಾ ವಾಪಸ್. ನಿಮ್ಮನ್ನ ಕೇಳ್ಕೊಂಡು ಬಾ ಅಂದ್ರು ಅಣ್ಣ."

ಜೀವರತ್ನಮ್ಮ ಕೋಲನ್ನು ಕೆಳಗಿಟ್ಟರು. ಅಂದು ಮೊದಲ ಬಾರಿಗೆ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡೆ. ಗೋಡೆಯಿಂದ ದಢೂತಿ ಗಡವ ಕೋತಿಯೊಂದು ಧುಮುಕಿತು. ಅತ್ತ ಬಟ್ಟೆ ಒಣಹಾಕುತ್ತಿದ್ದ ಕೃಷ್ಣಮ್ಮ ಕಿರುಚುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು.

ಆಮೇಲೆ ಅವರು ಕಣ್ಣು ತೆರೆದರು. "ನಮ್ಮ ಯಜಮಾನರಿಗೆ ಹೇಳಪ್ಪಾ, ಆ ಮೂವರ ಹೆಂಡಿರೂ ನನ್ನ ಹಾಗೇ ನೀರು ಹೊರೋರು. ಅವರನ್ನ ಹಿಡಿದುಕೊಟ್ಟು ಬಂದ್ರೆ ಊಟ ಹಾಕ್ತೀನಿ, ಮುಖ ಮಾತ್ರ ನೋಡಲ್ಲ."

"ಹುಚ್ಚು ಹಿಡೀತೇನ್ರೀ?" ಕೃಷ್ಣಮ್ಮ ಸಿಡಿದರು. "ಕಟ್ಕೊಂಡವರು ಒಳಗೇ ಕೊಳೀಲಿ ಅಂತೀರಾ? ಭಯ ಇಲ್ವಾ ನಿಮಗೆ?"

"ಇಲ್ದೆ ಏನು? ಅದಕ್ಕೇ ಕರ್ತನನ್ನ ಕೇಳಿದ್ದು."

"ಏನಂದ ನಿಮ್ಮ ಕರ್ತ?"

"ಏನೂ ಅನ್ನಲಿಲ್ಲ. ಪಕ್ಕದಲ್ಲಿ ಕೂತಿದ್ದ, ಅಷ್ಟೆ." ಬರಿದಾದ ಬುಟ್ಟಿಯನ್ನು ನೋಡಿ ಅವರಿಗೆ ನಗು ಬಂತು. "ನಿಮ್ಮ ಹನುಮಪ್ಪ ಮಾತ್ರ ನಮ್ಮ ಯಜಮಾನರ ಊಟ ತಿಂದುಬಿಟ್ಟ ನೋಡಿ." ಸೆರಗು ಸಿಕ್ಕಿಸಿ ಮತ್ತೆ ಒಲೆ ಹೊತ್ತಿಸಿದರು. ಹಿಟ್ಟು ನಾದಲು ಕುಳಿತರು.

ದಾನಿಯೇಲಪ್ಪ ಯಾರ ಸುಳಿವನ್ನೂ ಕೊಡಲಿಲ್ಲ. ಮಳೆಗಾಲ ಕಳೆದ ಮೇಲೆ ಹೊರಗೆ ಬಂದರು, ನೌಕರಿ ಬರಲಿಲ್ಲ. ಗೋದೌಲಿಯಾ ಚೌಕದ ಮೂಲೆಯಲ್ಲಿ ಸೈಕಲ್ ರಿಪೇರಿಗೆ ಕುಳಿತರು. ಹೆಂಡತಿ ಅವರ ಮುಖ ನೋಡಿಯೇ ಊಟ ಬಡಿಸಿದರು. ಕೃಷ್ಣಮ್ಮ ಕೊನೆಯವರೆಗೂ ಬಾವಿಯ ಹಗ್ಗ ಕೊಟ್ಟವರಲ್ಲ. ಆದರೆ ಆ ಘಟನೆಯ ಮರುದಿನದಿಂದ, ಪ್ರಾರ್ಥನೆಯ ಹೊತ್ತಿಗೆ ತಾವೇ ಬಂದು, "ನೀವು ಕಣ್ಣು ಮುಚ್ಕೊಳ್ರೀ," ಎಂದು ಕೋಲು ಹಿಡಿದು ಕುಳಿತರು. ಜೀವರತ್ನಮ್ಮ ಮುಚ್ಚಲಿಲ್ಲ. ಅಭ್ಯಾಸ ಹೋಗಲಿಲ್ಲ.

ಶಾಂತಿಯನ್ನು ಅರಸಿ ಈ ಊರಿಗೆ ಬರುವವರನ್ನು ಬಹಳ ಕಂಡಿದ್ದೇನೆ. ಹೆಚ್ಚಿನವರು ಬಯಸುವುದು ಲೋಕದಿಂದ ಒಂದಿಷ್ಟು ರಜೆಯನ್ನು. ಜೀವರತ್ನಮ್ಮನಂಥವರಿಗೆ ಆ ರಜೆ ಸಿಗುವುದಿಲ್ಲ, ಅವರು ಕೇಳುವುದೂ ಇಲ್ಲ. ಅವರ ಭಯ ಎದುರುಗೋಡೆಯ ಮೇಲೆ ಕೋತಿಯ ಹಾಗೆ ಕುಳಿತೇ ಇರುತ್ತದೆ. ಒಮ್ಮೊಮ್ಮೆ ಬುಟ್ಟಿಯನ್ನೂ ಬರಿದು ಮಾಡುತ್ತದೆ. ಆ ದಿನ ಅವರು ಮತ್ತೆ ಹಿಟ್ಟು ನಾದುತ್ತಾರೆ.